ಗಾಳಿಗೆ ಎರಡು ಲೆಕ್ಕ

ಒಂದೇ ಊರಿನ ಒಂದೇ ದಿನದ ಗಾಳಿಗೆ ಎರಡು ಬಗೆಯ ತೀರ್ಪು ಬರುವುದನ್ನು ನಾವೆಲ್ಲರೂ ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಗಾಳಿ ‘ತೃಪ್ತಿಕರ’ವಾಗಿದೆಯೆಂದು ಸರ್ಕಾರದ ಫಲಕ ಹೇಳುವುದು, ಅದೇ ಗಾಳಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಮಿತಿಗಿಂತ ಮೂರು ಪಟ್ಟು ಕೆಟ್ಟಿದೆಯೆಂದು ಪುಟದ ಇನ್ನೊಂದು ಮೂಲೆಯಲ್ಲಿ ಅಚ್ಚಾಗಿರುವುದು. ಎರಡೂ ಸುಳ್ಳಲ್ಲ. ಅಳೆದ ಯಂತ್ರ ಒಂದೇ, ಬಂದ ಅಂಕಿಯೂ ಒಂದೇ. ಅಂಕಿಯ ಪಕ್ಕದಲ್ಲಿ ಇಟ್ಟು ನೋಡಿದ ಗೆರೆ ಮಾತ್ರ ಬೇರೆ. ಜಿನೀವಾ ನಗರದಲ್ಲಿ ಕುಳಿತ ತಜ್ಞರು ಎಳೆದ ಗೆರೆ ದೆಹಲಿಯ ರಾಜ್ಯಪತ್ರದೊಳಗೆ ಎಷ್ಟರಮಟ್ಟಿಗೆ ಬಂದಿತು, ಬಾರದೆ ಉಳಿದ ಭಾಗ ಏಕೆ ಉಳಿಯಿತು ಎಂಬುದನ್ನು ತಿಳಿಯಬೇಕೆಂದು ನಾನು ಕೆಲವು ತಿಂಗಳು ಓದಿದೆನು. ಓದಿದಮೇಲೆ ನನ್ನಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಇದು ವಿಜ್ಞಾನದವರ ಸಂಗತಿ, ಕಲಾ ವಿಭಾಗದವನಿಗೆ ಇದರ ಗೊಡವೆ ಏಕೆ ಎಂದು ಒಬ್ಬಿಬ್ಬರು ಮಿತ್ರರು ನಕ್ಕರು. ಗಾಳಿಯಲ್ಲಿ ಎಷ್ಟು ಕಣವಿದೆಯೆಂದು ಅಳೆಯುವುದು ವಿಜ್ಞಾನದ ಕೆಲಸವೆಂಬುದು ನಿಜ. ಆದರೆ ಎಷ್ಟು ಕಣವನ್ನು ಪ್ರಜೆಯಾದವನು ಸಹಿಸಿಕೊಳ್ಳಬೇಕೆಂದು ಗೊತ್ತುಮಾಡುವುದು ರಾಜ್ಯಶಾಸ್ತ್ರಕ್ಕೆ ಸೇರಿದ್ದು. ಅದರ ಖರ್ಚು ಯಾರ ತಲೆಗೆ ಎಂಬುದು ಅರ್ಥಶಾಸ್ತ್ರಕ್ಕೆ ಸೇರಿದ್ದು. ಹೀಗಿರಲು ಈ ಪ್ರಶ್ನೆ ನಮ್ಮ ಪಠ್ಯದ ಹೊರಗಿನದೆಂದು ಹೇಳಲಾಗದು.

ಮೊದಲು ಜಿನೀವಾದ ಗೆರೆಯ ಮಾತು. ವಿಶ್ವ ಆರೋಗ್ಯ ಸಂಸ್ಥೆ 1987ರಲ್ಲಿ ಯೂರೋಪಿಗಾಗಿ ಗಾಳಿಯ ಗುಣಮಟ್ಟದ ಮಾರ್ಗಸೂಚಿಯನ್ನು ಹೊರಡಿಸಿತು. 2000ದಲ್ಲಿ ಅದರ ಎರಡನೆಯ ಆವೃತ್ತಿ ಬಂದಿತು. 2005ರ ಪರಿಷ್ಕರಣವು ಜಗತ್ತಿಗೆಲ್ಲ ಅನ್ವಯಿಸುವಂತೆ ರಚಿತವಾಯಿತು. ಕೊನೆಯದು 2021ರ ಸೆಪ್ಟೆಂಬರಿನದು. ಪಿ.ಎಂ. 2.5 ಎಂದು ಕರೆಯುವ ಅತಿ ಸಣ್ಣ ಕಣ, ಅಂದರೆ ತಲೆಗೂದಲಿನ ದಪ್ಪದ ಸುಮಾರು ಮೂವತ್ತರಲ್ಲಿ ಒಂದು ಪಾಲಿನಷ್ಟಿರುವ ಕಣ, ಒಂದು ಘನ ಮೀಟರ್ ಗಾಳಿಯಲ್ಲಿ ವರ್ಷದ ಸರಾಸರಿಗೆ 10 ಮೈಕ್ರೋಗ್ರಾಂ ಮೀರಬಾರದೆಂದು 2005ರಲ್ಲಿ ಹೇಳಿದರು. 2021ರಲ್ಲಿ ಅದನ್ನು 5ಕ್ಕೆ ಇಳಿಸಿದರು. ಇಡೀ ದಿನದ ಸರಾಸರಿಗೆ 25 ಇದ್ದದ್ದು 15 ಆಯಿತು. ಹೀಗೆಂದು ಆ ಸಂಸ್ಥೆಯವರು ಪ್ರತಿಸಲವೂ ಕಣ್ಣುಮುಚ್ಚಿ ಬಿಗಿ ಮಾಡುತ್ತ ಹೋಗುವರೆಂದು ತಿಳಿಯಬಾರದು. ಸಲ್ಫರ್ ಡೈಆಕ್ಸೈಡ್ ಅನಿಲಕ್ಕೆ 2005ರಲ್ಲಿ ದಿನಕ್ಕೆ 20 ಎಂದಿದ್ದುದನ್ನು 2021ರಲ್ಲಿ 40ಕ್ಕೆ ಸಡಿಲಿಸಿದರು. ಪುರಾವೆ ಎತ್ತ ಎಳೆಯಿತೋ ಅತ್ತ ಗೆರೆ ಸರಿಯಿತು.

ಈ ಮಾರ್ಗಸೂಚಿಗೆ ಶಾಸನದ ಬಲವಿಲ್ಲ. ಮೀರಿದರೆ ದಂಡವಿಲ್ಲ, ಕೇಳುವ ಪೊಲೀಸರಿಲ್ಲ. ವೈದ್ಯನು ರೋಗಿಗೆ ಹೇಳುವ ಪಥ್ಯದಂತೆ ಅದು. ಪ್ರತಿಯೊಂದು ದೇಶವೂ ತನ್ನ ಆರೋಗ್ಯ, ತಾಂತ್ರಿಕ ಶಕ್ತಿ, ಹಣಕಾಸುಗಳನ್ನು ತೂಗಿ ತನ್ನ ಮಾನದಂಡವನ್ನು ತಾನೇ ಮಾಡಿಕೊಳ್ಳಬೇಕೆಂದು ಮಾರ್ಗಸೂಚಿಯೇ ಒಪ್ಪಿಕೊಂಡಿದೆ. ಬಡದೇಶಗಳು ಒಂದೇ ನೆಗೆತಕ್ಕೆ 5ನ್ನು ಮುಟ್ಟಲಾರವೆಂದು ಅರಿತು ಒಂದು ಏಣಿಯನ್ನೂ ಅದರ ಜೊತೆಗೆ ಇಟ್ಟಿದ್ದಾರೆ. ಕೆಳಗಿನ ಮೊದಲ ಮೆಟ್ಟಿಲು 35, ಎರಡನೆಯದು 25, ಮೂರನೆಯದು 15, ನಾಲ್ಕನೆಯದು 10, ಅದರಮೇಲೆ 5. ವಾಚಕರು ಈ ಮೊದಲ ಮೆಟ್ಟಿಲಿನ 35 ಎಂಬ ಅಂಕಿಯನ್ನು ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮುಂದೆ ಅದರ ಕೆಲಸವಿದೆ.

ಇಷ್ಟು ಸಣ್ಣ ಅಂಕಿಗೆ ಅವರು ಬಂದದ್ದಾದರೂ ಹೇಗೆ? 1952ರ ಡಿಸೆಂಬರಿನಲ್ಲಿ ಲಂಡನ್ ನಗರದಲ್ಲಿ ಐದು ದಿನ ಹೊಗೆಮಂಜು ಕವಿದು ಸುಮಾರು ನಾಲ್ಕು ಸಾವಿರ ಮಂದಿ ಸತ್ತರೆಂದು ಆಗಿನ ಲೆಕ್ಕ ಹೇಳಿತು. ಅನಂತರದ ಲೆಕ್ಕಗಳು ಅದಕ್ಕಿಂತ ಬಹಳ ಹೆಚ್ಚು ಹೇಳಿದುವು. ನಾಲ್ಕು ವರ್ಷದೊಳಗೆ, 1956ರಲ್ಲಿ, ಬ್ರಿಟನ್ನಿನಲ್ಲಿ ಶುದ್ಧವಾಯು ಶಾಸನ ಬಂದಿತು. ಆದರೆ ಆ ಹೊಗೆ ಕಣ್ಣಿಗೆ ಕಾಣುತ್ತಿತ್ತು, ಮೂಗಿಗೆ ನಾರುತ್ತಿತ್ತು. ಕಾಣದ ಗಾಳಿಯೂ ಕೊಲ್ಲಬಹುದೆಂಬುದನ್ನು ತೋರಿಸಿದ್ದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದವರು ಆರು ಊರುಗಳಲ್ಲಿ ನಡೆಸಿದ ಅಧ್ಯಯನ. ಎಂಟು ಸಾವಿರಕ್ಕೂ ಮಿಕ್ಕಿದ ವಯಸ್ಕರನ್ನು ಹದಿನಾಲ್ಕರಿಂದ ಹದಿನಾರು ವರ್ಷಗಳ ಕಾಲ ಗಮನಿಸಿ 1993ರಲ್ಲಿ ಅವರು ಫಲಿತಾಂಶವನ್ನು ಪ್ರಕಟಿಸಿದರು. ಬೀಡಿ ಸಿಗರೇಟಿನ ಚಟ ಮೊದಲಾದುವನ್ನು ಲೆಕ್ಕದಿಂದ ಕಳೆದಮೇಲೂ, ಅತ್ಯಂತ ಹೊಲಸು ಗಾಳಿಯ ಸ್ಟೂಬೆನ್‌ವಿಲ್ ಎಂಬ ಊರಿನಲ್ಲಿ ಸಾವಿನ ಪ್ರಮಾಣವು ಅತ್ಯಂತ ಶುದ್ಧ ಗಾಳಿಯ ಪೋರ್ಟೇಜ್ ಎಂಬ ಊರಿಗಿಂತ ಶೇಕಡಾ 26ರಷ್ಟು ಹೆಚ್ಚಾಗಿತ್ತು.

ಇಲ್ಲಿ ನಾನು ಓದುವುದನ್ನು ನಿಲ್ಲಿಸಿ ಅಂಕಿಯನ್ನು ಮತ್ತೊಮ್ಮೆ ನೋಡಬೇಕಾಯಿತು. ಶುದ್ಧವೆನಿಸಿದ ಪೋರ್ಟೇಜಿನಲ್ಲಿ ಸಣ್ಣಕಣದ ಸರಾಸರಿ 11 ಇತ್ತು. ಹೊಲಸೆನಿಸಿದ ಸ್ಟೂಬೆನ್‌ವಿಲ್ಲಿನಲ್ಲಿ 30ಕ್ಕೆ ಸ್ವಲ್ಪ ಕಡಿಮೆ. ಭಾರತದ ಮಾನದಂಡ 40. ಎಂದಮೇಲೆ ಯಾವ ಊರಿನ ಸಾವುಗಳನ್ನು ಎಣಿಸಿ ಜಗತ್ತು ಸಣ್ಣಕಣಕ್ಕೆ ಹೆದರಲು ಕಲಿಯಿತೋ, ಆ ಊರು ನಮ್ಮ ಪರೀಕ್ಷೆಯಲ್ಲಿ ಸುಖವಾಗಿ ತೇರ್ಗಡೆಯಾಗುತ್ತಿತ್ತು!

ಇನ್ನು ರಾಷ್ಟ್ರಗಳು ಈ ಸಲಹೆಯನ್ನು ಹೇಗೆ ಬಳಸಿಕೊಂಡವೆಂಬುದನ್ನು ನೋಡೋಣ. ಅಮೆರಿಕವು ಜಿನೀವಾದತ್ತ ನೋಡದೆ ತನ್ನ ಪುರಾವೆಯನ್ನು ತಾನೇ ನಂಬಿ 1997ರಲ್ಲಿ ಸಣ್ಣಕಣಕ್ಕೆ 15 ಎಂದಿತು. 2012ರಲ್ಲಿ 12 ಎಂದಿತು. 2024ರಲ್ಲಿ 9 ಎಂದಿತು. ಅದನ್ನು ಮತ್ತೆ ಸಡಿಲಿಸುವ ಯತ್ನವೂ ಅಲ್ಲಿ ನಡೆದಿದೆ, ಆ ಮಾತು ಇರಲಿ. ಯೂರೋಪಿನ ಒಕ್ಕೂಟ 2008ರಲ್ಲಿ 25ನ್ನು ಶಾಸನ ಮಾಡಿಕೊಂಡಿತು. 2024ರ ಶಾಸನದಂತೆ 2030ರಿಂದ ಅಲ್ಲಿ 10. ಗಮನಿಸಿರಿ, 2005ರಲ್ಲಿ ವೈದ್ಯರು ಹೇಳಿದ 10, ಶ್ರೀಮಂತ ಯೂರೋಪಿನಲ್ಲಿ ಕಾನೂನಾಗಲು ಇಪ್ಪತ್ತೈದು ವರ್ಷ ಹಿಡಿಯಿತು. ಬ್ರಿಟನ್ ಅದೇ 10ಕ್ಕೆ 2040ರ ಗಡುವು ಹಾಕಿಕೊಂಡಿದೆ. ಆದುದರಿಂದ ಸಲಹೆ ಬಂದ ಮಾರನೆಯ ದಿನವೇ ಭಾರತ ಅದನ್ನು ಜಾರಿಮಾಡಲಿಲ್ಲವೆಂದು ಮೂದಲಿಸುವುದು ನ್ಯಾಯವಾಗದು.

ಬ್ರಿಟನ್ನಿನ ಮಾತು ಬಂದುದರಿಂದ ಅಲ್ಲಿಯ ಒಂದು ಹುಡುಗಿಯ ಸಂಗತಿಯನ್ನು ಹೇಳಲೇಬೇಕು. ಎಲ್ಲಾ ಅಡೂ ಕಿಸ್ಸಿ ಡೆಬ್ರಾ ಎಂಬ ಒಂಬತ್ತು ವರ್ಷದ ಬಾಲಿಕೆ ಲಂಡನ್ನಿನ ಲೂಯಿಶಮ್ ಎಂಬಲ್ಲಿ ವಾಹನಗಳು ಎಡೆಬಿಡದೆ ಓಡಾಡುವ ಹೆದ್ದಾರಿಯ ಸಮೀಪದಲ್ಲಿ ವಾಸವಾಗಿದ್ದು, 2013ರಲ್ಲಿ ಉಬ್ಬಸದಿಂದ ತೀರಿಕೊಂಡಳು. ತಾಯಿ ಸುಮ್ಮನಿರದೆ ವರ್ಷಗಟ್ಟಲೆ ಹೋರಾಡಿದಳು. 2020ರ ಡಿಸೆಂಬರಿನಲ್ಲಿ ಮರಣವಿಚಾರಣಾಧಿಕಾರಿಯು ಆ ಸಾವಿಗೆ ಗಾಳಿಯ ಮಾಲಿನ್ಯವೂ ಒಂದು ಕಾರಣವೆಂದು ತೀರ್ಮಾನಿಸಿದನು. ಬ್ರಿಟನ್ನಿನಲ್ಲಿ ಹಾಗೆ ಬರೆದದ್ದು ಅದೇ ಮೊದಲು. ಮುಂದಿನ ಏಪ್ರಿಲ್ಲಿನಲ್ಲಿ ಆತನು ಸರ್ಕಾರಕ್ಕೆ ಒಪ್ಪಿಸಿದ ವರದಿಯಲ್ಲಿ, ದೇಶದ ಕಣಮಿತಿಯು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಗಿಂತ ಬಹಳ ಮೇಲಿದೆಯೆಂದೂ, ಮಾರ್ಗಸೂಚಿಯನ್ನು ಆಧರಿಸಿದ ಗುರಿಗಳನ್ನು ಶಾಸನಬದ್ಧವಾಗಿ ಇಟ್ಟುಕೊಂಡರೆ ಸಾವುಗಳು ಕಡಿಮೆಯಾಗುವುವೆಂದೂ ಬರೆದನು. ಶಾಸನದ ಬಲವಿಲ್ಲದ ಕಾಗದವೊಂದು ಹೀಗೆ ಒಂದು ವಿಚಾರಣೆಯೊಳಗೆ ಸಾಕ್ಷಿಯಾಗಿ ನಿಂತಿತು. ಮಾರ್ಗಸೂಚಿಯ ಶಕ್ತಿ ಇರುವುದು ಇಲ್ಲಿಯೇ ಎಂದು ನಾನು ತಿಳಿಯುತ್ತೇನೆ: ಅದು ಅಪ್ಪಣೆ ಮಾಡಲಾರದು, ಆದರೆ ಸರ್ಕಾರ ‘ಮಿತಿಯೊಳಗಿದೆ’ ಎಂದಾಗ ‘ಯಾರ ಮಿತಿ?’ ಎಂದು ಕೇಳುವ ಬಾಯನ್ನು ತಾಯಿಯೊಬ್ಬಳಿಗೆ ಕೊಡಬಲ್ಲುದು.

ಚೀನಾದವರು ಏಣಿಯನ್ನು ಬಳಸಿದರು. 2012ರಲ್ಲಿ ಅವರು ಊರುಗಳಿಗಾಗಿ ಗೊತ್ತುಮಾಡಿದ ಅಂಕಿ 35, ಅಂದರೆ ಏಣಿಯ ಮೊದಲ ಮೆಟ್ಟಿಲೇ. 2013ರಲ್ಲಿ ಬೀಜಿಂಗಿನ ಸರಾಸರಿ ಸುಮಾರು 90 ಇದ್ದಿತು. 2021ರಲ್ಲಿ 33ಕ್ಕೆ ಇಳಿಯಿತು. ಅವರ ಆಡಳಿತಕ್ರಮ ನಮಗೆ ಬೇಕಿಲ್ಲ. ಆದರೆ ಮೆಟ್ಟಿಲನ್ನು ಮೆಟ್ಟಿಲೆಂದು ಕರೆದು ಅದರಮೇಲೆ ಕಾಲಿಟ್ಟ ಕ್ರಮದಿಂದ ಕಲಿಯಬೇಕಾದದ್ದಿದೆ.

ಈಗ ನಮ್ಮ ದೇಶ. ನಮ್ಮ ವಾಯುಶಾಸನದ ಹುಟ್ಟೇ ಹೊರಗಿನ ಕರೆಯಿಂದ ಆದದ್ದು. 1972ರ ಜೂನಿನಲ್ಲಿ ಸ್ಟಾಕ್‌ಹೋಮಿನಲ್ಲಿ ನಡೆದ ವಿಶ್ವಸಂಸ್ಥೆಯ ಸಮ್ಮೇಳನದ ನಿರ್ಣಯಗಳನ್ನು ಕಾರ್ಯಗತಗೊಳಿಸುವುದಕ್ಕಾಗಿ ಎಂದು 1981ರ ವಾಯು ಮಾಲಿನ್ಯ ಅಧಿನಿಯಮದ ಪೀಠಿಕೆಯಲ್ಲಿಯೇ ಬರೆದಿದೆ. ಗಾಳಿಯ ಮಾನದಂಡವನ್ನು ಗೊತ್ತುಮಾಡುವ ಕೆಲಸ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬಂದಿತು. 1982ರಲ್ಲಿ ಮೊದಲ ಪಟ್ಟಿ ಬಂದಿತು, 1994ರಲ್ಲಿ ಅದು ಪರಿಷ್ಕೃತವಾಯಿತು.

ಈ 1994ರ ಪಟ್ಟಿಯನ್ನು ನಮ್ಮ ಸಮಾಜಶಾಸ್ತ್ರದ ತರಗತಿಯಲ್ಲಿ ಓದಿಸಬೇಕೆಂದು ನನ್ನ ಸಲಹೆ. ಗಾಳಿಯಲ್ಲಿ ತೇಲುವ ಒಟ್ಟು ಧೂಳಿಗೆ ಅದು ಮೂರು ಮಿತಿಗಳನ್ನು ಇಟ್ಟಿತ್ತು. ಕೈಗಾರಿಕಾ ಪ್ರದೇಶದಲ್ಲಿ ವರ್ಷದ ಸರಾಸರಿ 360, ಜನವಸತಿಯ ಪ್ರದೇಶದಲ್ಲಿ 140, ಸೂಕ್ಷ್ಮ ಪ್ರದೇಶದಲ್ಲಿ 70. ಕಾರ್ಖಾನೆಯ ಗೋಡೆಯ ಪಕ್ಕದಲ್ಲಿ ಗುಡಿಸಲು ಹಾಕಿಕೊಂಡಿರುವ ಕೂಲಿಯವನ ಶ್ವಾಸಕೋಶವು ಬಡಾವಣೆಯ ಗುಮಾಸ್ತನ ಶ್ವಾಸಕೋಶಕ್ಕಿಂತ ಎರಡೂವರೆ ಪಟ್ಟು ಹೆಚ್ಚು ಧೂಳನ್ನು ತಾಳಬಲ್ಲುದೆಂದು ರಾಜ್ಯವೇ ಅಚ್ಚುಹಾಕಿದಂತೆ ಆಯಿತಲ್ಲವೆ? 2009ರ ನವೆಂಬರ್ 18ರಂದು ಹೊರಟ ಹೊಸ ಪಟ್ಟಿ ಈ ಭೇದವನ್ನು ತೊಡೆದುಹಾಕಿತು. ಕೈಗಾರಿಕೆ, ವಸತಿ, ಹಳ್ಳಿ ಎಲ್ಲಕ್ಕೂ ಒಂದೇ ಗೆರೆ. ಪರಿಸರದ ದೃಷ್ಟಿಯಿಂದ ಸೂಕ್ಷ್ಮವಾದ ಕಡೆ ಮಾತ್ರ ಎರಡು ಅನಿಲಗಳಿಗೆ ಬೇರೆ ಬಿಗಿ. ಇದು ಸದ್ದಿಲ್ಲದೆ ಆದ ದೊಡ್ಡ ಸುಧಾರಣೆ. ಅದನ್ನು ಮಾಡಿದವರಿಗೆ ನಾವು ಕೃತಜ್ಞರಾಗಿರಬೇಕು.

ಅದೇ 2009ರ ಪಟ್ಟಿಯಲ್ಲಿ ಹೊರಗಿನ ಗೆರೆಗಳ ಗುರುತು ಸ್ಪಷ್ಟವಾಗಿ ಕಾಣುವುದು. ಓಜೋನಿಗೆ ಎಂಟು ಗಂಟೆಗೆ 100, ನೈಟ್ರೋಜನ್ ಡೈಆಕ್ಸೈಡಿಗೆ ವರ್ಷಕ್ಕೆ 40: ಇವೆರಡೂ ವಿಶ್ವ ಆರೋಗ್ಯ ಸಂಸ್ಥೆಯ 2005ರ ಅಂಕಿಗಳೇ. ಸೀಸಕ್ಕೆ ಇಟ್ಟ ಅರ್ಧ ಮೈಕ್ರೋಗ್ರಾಂ ಕೂಡ ಅದರದೇ. ಆರ್ಸೆನಿಕ್ಕಿಗೆ 6 ನ್ಯಾನೋಗ್ರಾಂ, ನಿಕ್ಕಲಿಗೆ 20 ಎಂಬುವು ಯೂರೋಪಿನ ಒಕ್ಕೂಟದ ಗುರಿಗಳಿಗೆ ಸರಿಸಮ. ಕಾರ್ಬನ್ ಮೊನಾಕ್ಸೈಡಿಗಂತೂ ನಾವು ಎಂಟು ಗಂಟೆಗೆ 2 ಮಿಲಿಗ್ರಾಂ ಎಂದರೆ ಜಿನೀವಾದವರು 10 ಎನ್ನುತ್ತಾರೆ. ಅಲ್ಲಿ ನಾವೇ ಹೆಚ್ಚು ಬಿಗಿ! ಹೊರಗಿನವರ ಅಳತೆ ನಮಗೆ ಹೊಂದದೆಂಬ ವಾದ ಈ ಸಾಲುಗಳನ್ನು ಬರೆಯುವಾಗ ಯಾರಿಗೂ ನೆನಪಾದಂತಿಲ್ಲ. ಹೆಚ್ಚು ಜನರನ್ನು ಕೊಲ್ಲುವ ಸಣ್ಣಕಣದ ಸಾಲಿಗೆ ಬಂದಾಗ ಮಾತ್ರ ನೆನಪಾಯಿತು. ಅಲ್ಲಿ ವರ್ಷಕ್ಕೆ 40, ದಿನಕ್ಕೆ 60 ಎಂದು ಬರೆದರು. ಈ 40 ಎಂಬುದು ಅಂದಿನ 10ರ ನಾಲ್ಕರಷ್ಟು, ಇಂದಿನ 5ರ ಎಂಟರಷ್ಟು ಎಂಬುದು ನನ್ನ ದೂರಲ್ಲ. ಏಣಿಯ ಮೊದಲ ಮೆಟ್ಟಿಲು 35 ಆಗಿರುವಾಗ ನಾವು 40ರಲ್ಲಿ ನಿಂತುಕೊಂಡೆವು. ಅಂದರೆ ಏಣಿಯನ್ನು ಗೋಡೆಗೆ ಒರಗಿಸಿ, ಅದರ ಪಕ್ಕದ ನೆಲದಮೇಲೆ ನಿಂತು, ಇದೇ ನಮ್ಮ ಎತ್ತರವೆಂದೆವು. ಹೀಗೆ ನಿಂತು ಹದಿನೈದು ವರ್ಷಕ್ಕೂ ಮಿಕ್ಕಿ ಆಯಿತು.

ಸರ್ಕಾರದ ಉತ್ತರವೇನೆಂದರೆ, ಮಾರ್ಗಸೂಚಿಯು ಸಲಹೆ ಮಾತ್ರ. ನಮ್ಮ ಭೂಗೋಳ, ಹವಾಮಾನ, ಸ್ವಾಭಾವಿಕ ಧೂಳು, ಆರ್ಥಿಕ ಸ್ಥಿತಿ ಇವುಗಳನ್ನು ನೋಡಿ ನಮ್ಮ ಮಾನದಂಡ ಮಾಡಿದೆ ಎಂಬುದು. ಇದರಲ್ಲಿ ಅರ್ಧ ಸತ್ಯವಿದೆ, ಮತ್ತು ಆ ಅರ್ಧವನ್ನು ಗೌರವದಿಂದಲೇ ಒಪ್ಪಬೇಕು. ಥಾರ್ ಮರುಭೂಮಿಯಿಂದ ಬೇಸಗೆಯಲ್ಲಿ ಏಳುವ ಧೂಳಿಗೆ ದೆಹಲಿಯ ಯಾವ ಅಧಿಸೂಚನೆಯೂ ತಡೆಯಾಗದು. ಹಿಮಾಲಯದ ಕೆಳಗಿನ ಬಯಲಿನಲ್ಲಿ ಚಳಿಗಾಲದ ಗಾಳಿ ಮುಚ್ಚಿದ ಪಾತ್ರೆಯಲ್ಲಿರುವಂತೆ ನಿಂತುಬಿಡುವುದು. ಸೌದೆ ಒಲೆಯನ್ನು ಬಿಡಲಾರದ ಕೋಟ್ಯಂತರ ಮನೆಗಳಿವೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಇಲ್ಲಿ ಸಲ್ಲುತ್ತದೆ. ಆದರೆ ಹಾಸಿಗೆ ಗಿಡ್ಡವಾಗಿದೆಯೆಂದು ಕಾಲಿನ ಉದ್ದವನ್ನೇ ಕಡಿಮೆಯೆಂದು ಬರೆದುಕೊಳ್ಳುವುದು ಬೇರೆ. ನಾವು ಮಾಡಿರುವುದು ಈ ಎರಡನೆಯದನ್ನು. ‘ಈಗ ನಮ್ಮಿಂದ ಸಾಧ್ಯವಾಗುವುದು ಇಷ್ಟು’ ಎಂಬ ಅಂಕಿಗೆ ‘ಆರೋಗ್ಯಕ್ಕೆ ತಕ್ಕದ್ದು ಇಷ್ಟು’ ಎಂಬ ಹೆಸರಿಟ್ಟೆವು.

ಭಾರತೀಯರ ಶ್ವಾಸಕೋಶ ಪಳಗಿದೆ, ಹೊರದೇಶದ ಅಧ್ಯಯನ ನಮಗೆ ಅನ್ವಯಿಸದು ಎನ್ನುವವರೂ ಉಂಟು. ಅವರಿಗೆ ಉತ್ತರ ನಮ್ಮ ನೆಲದಿಂದಲೇ ಬಂದಿದೆ. ಬೆಂಗಳೂರು, ದೆಹಲಿ, ಮುಂಬಯಿ, ಶಿಮ್ಲಾ ಮೊದಲಾದ ಹತ್ತು ನಗರಗಳಲ್ಲಿ 2008ರಿಂದ 2019ರವರೆಗೆ ಆದ ಸುಮಾರು 36 ಲಕ್ಷ ಸಾವುಗಳನ್ನು ಆಯಾ ದಿನದ ಗಾಳಿಯೊಡನೆ ಹೋಲಿಸಿದ ಅಧ್ಯಯನ 2024ರಲ್ಲಿ ಹೊರಬಿತ್ತು. ಸಣ್ಣಕಣ 10 ಮೈಕ್ರೋಗ್ರಾಂ ಏರಿದಾಗ ದಿನದ ಸಾವು ಸರಾಸರಿ ಶೇಕಡಾ 1.42ರಷ್ಟು ಏರುವುದೆಂದು ಅದರಲ್ಲಿ ಕಂಡಿತು. ನಮ್ಮ 60ರ ಮಿತಿಯೊಳಗಿನ ದಿನಗಳಲ್ಲಿಯೂ ಈ ಏರಿಕೆ ಇದ್ದಿತು. ಅಷ್ಟೇ ಅಲ್ಲ, ದೆಹಲಿಗಿಂತ ಎಷ್ಟೋ ಶುದ್ಧವಾದ ಬೆಂಗಳೂರಿನಲ್ಲಿ ಪ್ರತಿ ಹತ್ತು ಮೈಕ್ರೋಗ್ರಾಮಿಗೆ ಆಗುವ ಏರಿಕೆ ದೆಹಲಿಯದಕ್ಕಿಂತ ಕಡಿದಾಗಿತ್ತು. ಬೆಂಗಳೂರಿನ ವಾರ್ಷಿಕ ಸರಾಸರಿ ಸಾಮಾನ್ಯವಾಗಿ 40ರ ಒಳಗೇ ಇರುವುದು. ತೇರ್ಗಡೆಯಾದ ಊರಿನಲ್ಲಿಯೂ ಜನ ಸಾಯುತ್ತಿದ್ದಾರೆಂದರೆ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ನೋಡಬೇಡವೆ? ಗಿರಣಿಯ ಕೂಲಿಗೂ ಬಡಾವಣೆಯ ಗುಮಾಸ್ತನಿಗೂ ಶ್ವಾಸಕೋಶ ಒಂದೇ ಎಂದು 2009ರಲ್ಲಿ ಒಪ್ಪಿದ ರಾಜ್ಯವು, ಪೋರ್ಟೇಜಿನವನಿಗೂ ದಾವಣಗೆರೆಯವನಿಗೂ ಶ್ವಾಸಕೋಶ ಒಂದೇ ಎಂದು ಒಪ್ಪಲು ಏಕೆ ಹಿಂಜರಿಯಬೇಕೋ ನಾನು ಕಾಣೆ.

ಅಂಕಿ ಕಾಗದದಮೇಲಿನದು ಮಾತ್ರ, ಅದನ್ನು ಇಳಿಸಿದರೆ ಧೂಳು ಇಳಿಯುವುದೆ ಎಂದು ನಮ್ಮ ಅಧ್ಯಾಪಕರೊಬ್ಬರು ಕೇಳಿದರು. ಕಾಗದದಮೇಲಿನ ಅಂಕಿ ಹಣವನ್ನು ಎತ್ತ ಹರಿಸುವುದೆಂಬುದನ್ನು ನೋಡಿದರೆ ಈ ಪ್ರಶ್ನೆಗೆ ಉತ್ತರ ದೊರೆಯುವುದು. ಮಾನದಂಡವನ್ನು ಮೀರಿದ ನಗರಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಹಸಿರು ನ್ಯಾಯಮಂಡಳಿ 2018ರಲ್ಲಿ ಕ್ರಿಯಾಯೋಜನೆ ತರಿಸಿತು. 2019ರಲ್ಲಿ ರಾಷ್ಟ್ರೀಯ ಶುದ್ಧವಾಯು ಕಾರ್ಯಕ್ರಮ ಆರಂಭವಾಯಿತು. ಕರ್ನಾಟಕದಿಂದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ದಾವಣಗೆರೆ ಈ ನಾಲ್ಕು ಸೇರಿದುವು. ಸೇರಿದ್ದು ಮುಖ್ಯವಾಗಿ ದಪ್ಪ ಧೂಳಿನ, ಅಂದರೆ ಪಿ.ಎಂ. 10ರ ಗೆರೆಯಿಂದ. ಪ್ರಗತಿಯನ್ನು ಅಳೆದದ್ದೂ ಹೆಚ್ಚಾಗಿ ಅದರಿಂದಲೇ. ತತ್ಪರಿಣಾಮವಾಗಿ ದೇಶದಾದ್ಯಂತ ಹಣದ ದೊಡ್ಡ ಪಾಲು ರಸ್ತೆ ಗುಡಿಸುವ ಯಂತ್ರಕ್ಕೂ ನೀರು ಚಿಮುಕಿಸುವುದಕ್ಕೂ ಹೋಯಿತು. ರಸ್ತೆ ಶುಭ್ರವಾಗುವುದು ಒಳ್ಳೆಯದೇ. ಆದರೆ ಇಂಜಿನಿನಿಂದಲೂ ಒಲೆಯಿಂದಲೂ ಹೊರಡುವ ಸಣ್ಣಕಣ ಪೊರಕೆಗೆ ಸಿಕ್ಕುವಂಥದಲ್ಲ.

ಇನ್ನೊಂದು ಉದಾಹರಣೆ. ಕಲ್ಲಿದ್ದಲ ವಿದ್ಯುತ್‌ಸ್ಥಾವರಗಳು ಸಲ್ಫರ್ ಅನಿಲವನ್ನು ತಡೆಯುವ ಸಾಧನಗಳನ್ನು ಹಾಕಬೇಕಾಗುವಂಥ ನಿಯಮ 2015ರ ಡಿಸೆಂಬರಿನಲ್ಲಿ ಬಂದಿತು, ಗಡುವು ಮತ್ತೆ ಮತ್ತೆ ಮುಂದೆ ಹೋಯಿತು, 2025ರ ಜುಲೈಯಲ್ಲಿ ಹೆಚ್ಚಿನ ಸ್ಥಾವರಗಳಿಗೆ ವಿನಾಯಿತಿಯೇ ದೊರೆಯಿತು. ಗಾಳಿಯಲ್ಲಿ ಆ ಅನಿಲವು ನಮ್ಮ ದಿನದ ಮಿತಿಯಾದ 80ಕ್ಕಿಂತ ಬಹಳ ಕೆಳಗಿದೆಯೆಂಬುದು ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು. ಅನಿಲದ ಸಾಲಿನಲ್ಲಿ ಆ ಮಾತು ಸರಿಯೇ. ಆದರೆ ಚಿಮಣಿಯಿಂದ ಹೊರಟ ಅನಿಲ ಗಾಳಿಯಲ್ಲಿ ದೂರ ಸಾಗುತ್ತ ಸಲ್ಫೇಟ್ ಎಂಬ ಸಣ್ಣಕಣವಾಗುವುದು. ಒಂದು ಸಾಲಿನಲ್ಲಿ ಖುಲಾಸೆಯಾದವನು ಇನ್ನೊಂದು ಸಾಲಿನಲ್ಲಿ ಅಪರಾಧಿ. ಆ ಇನ್ನೊಂದು ಸಾಲಿನ ಗೆರೆ ಬಿಗಿಯಾಗಿದ್ದಿದ್ದರೆ ಖುಲಾಸೆ ಅಷ್ಟು ಸುಲಭವಾಗುತ್ತಿರಲಿಲ್ಲ.

ಗೆರೆಯ ಜೊತೆಗೆ ಶಬ್ದದ ಪ್ರಶ್ನೆಯೂ ಇದೆ. 2015ರಲ್ಲಿ ಜಾರಿಗೆ ಬಂದ ವಾಯು ಗುಣಮಟ್ಟ ಸೂಚ್ಯಂಕದಲ್ಲಿ ಸಣ್ಣಕಣ 30ರವರೆಗೆ ಇದ್ದರೆ ‘ಉತ್ತಮ’, 31ರಿಂದ 60ರವರೆಗೆ ‘ತೃಪ್ತಿಕರ’. ವಿಶ್ವ ಆರೋಗ್ಯ ಸಂಸ್ಥೆಯ ದಿನದ ಮಿತಿ 15 ಎಂಬುದನ್ನು ಸ್ಮರಿಸಿದರೆ, ಅದರ ನಾಲ್ಕು ಪಟ್ಟು ಕಣ ತುಂಬಿದ ಗಾಳಿಗೆ ನಮ್ಮಲ್ಲಿ ತೃಪ್ತಿಯೆಂದು ಹೆಸರು. ಯಾರಿಗೆ ತೃಪ್ತಿ? ಉಬ್ಬಸದ ಮಗುವಿನ ತಾಯಿ ಬೆಳಿಗ್ಗೆ ಈ ಶಬ್ದವನ್ನು ನಂಬಿ ಮಗುವನ್ನು ಆಟಕ್ಕೆ ಬಿಡುವಳು. ಅಂಕಿಯನ್ನು ಓದಲಾರದವರಿಗೆ ಶಬ್ದವೇ ಅಂಕಿ. ಶಬ್ದವನ್ನು ಆಯುವಾಗ ಅಂಕಿಯನ್ನು ಆಯುವಷ್ಟೇ ಎಚ್ಚರ ಬೇಕು.

ನಮ್ಮೂರು ದಾವಣಗೆರೆ. ಮೊದಲು ಹತ್ತಿಗಿರಣಿಗೂ ಈಗ ಬೆಣ್ಣೆದೋಸೆಗೂ ಹೆಸರಾದ ಊರು. ಆದರೆ ಊರಿನ ಬಡವರ ಕೈಗೆ ಕೆಲಸ ಕೊಡುವುದು ಮಂಡಕ್ಕಿ ಭಟ್ಟಿ. ನಮ್ಮ ಅತ್ತೆಯ ಮನೆ ಭಟ್ಟಿಗಳ ಸಾಲಿಗೆ ಎರಡು ಬೀದಿ ಆಚೆ ಇದೆ. ಅಲ್ಲಿ ಒಗೆದ ಬಟ್ಟೆಯನ್ನು ಹೊತ್ತು ನೋಡಿ ಒಣಹಾಕಬೇಕು, ಇಲ್ಲವಾದರೆ ಬಿಳಿಯ ಪಂಚೆಯಮೇಲೆ ಕರಿಯ ಚುಕ್ಕೆಗಳು ಕೂರುವುವು. ಭತ್ತದ ಹೊಟ್ಟು ಉರಿಯುವ ಒಲೆಯ ಮುಂದೆ ಮರಳಿನಲ್ಲಿ ಅಕ್ಕಿ ಹುರಿಯುವವರು ನಸುಕಿನಲ್ಲಿಯೇ ಕೆಲಸಕ್ಕೆ ಕೂರುತ್ತಾರೆ. ಇಡೀ ಊರಿನ ವರ್ಷದ ಸರಾಸರಿಯಲ್ಲಿ ಆ ಒಲೆಯ ಬಾಯಿ ಎಲ್ಲಿಯೂ ಕಾಣದು. ಕೆಮ್ಮಿನ ಮಾತೆತ್ತಿದರೆ ಅವರು, “ಹೊಗಿ ಇಲ್ದ ಹೊಟ್ಟಿ ತುಂಬೋದು ಹೆಂಗಪ್ಪ?” ಎನ್ನುತ್ತಾರೆ. ಮಾನದಂಡವನ್ನು ಬಿಗಿ ಮಾಡೆಂದು ಬರೆಯುವವನು ಈ ಮಾತಿಗೆ ಉತ್ತರ ಕೊಡದೆ ಮುಂದೆ ಹೋಗಕೂಡದು. ನಾಳೆಯೇ 5 ಎಂದು ಬರೆದು ಅಧಿಕಾರಿಗಳನ್ನು ಕಳಿಸಿದರೆ ಮೊದಲು ಬೀಗ ಬೀಳುವುದು ದೊಡ್ಡ ಚಿಮಣಿಗಲ್ಲ, ಈ ಭಟ್ಟಿಗೆ.

ಆದ್ದರಿಂದ ನಾನು ಕೇಳುವುದು ಒಂದು ಅಂಕಿಯನ್ನು ತೆಗೆದು ಇನ್ನೊಂದನ್ನು ಹಾಕಬೇಕೆಂದಲ್ಲ, ಎರಡನ್ನೂ ಬರೆಯಬೇಕೆಂದು. ಪಟ್ಟಿಯ ಮೊದಲ ಅಂಕಣದಲ್ಲಿ ಶರೀರ ತಾಳಬಲ್ಲದ್ದೆಷ್ಟು ಎಂಬುದಿರಲಿ. ಅದನ್ನು ವೈದ್ಯರು ಬರೆಯಲಿ, ಅದರಲ್ಲಿ ಹಣಕಾಸಿನವರ ಕೈ ಬೇಡ. ಎರಡನೆಯ ಅಂಕಣದಲ್ಲಿ ರಾಜ್ಯವು ಯಾವ ವರ್ಷದೊಳಗೆ ಯಾವ ಮೆಟ್ಟಿಲನ್ನು ಏರುವುದೆಂಬುದಿರಲಿ: ಇಷ್ಟನೆಯ ವರ್ಷಕ್ಕೆ 35, ಇಷ್ಟನೆಯ ವರ್ಷಕ್ಕೆ 25 ಎಂದು. ಅದನ್ನು ಲೋಕಸಭೆಯಲ್ಲಿ ಚರ್ಚಿಸಿ ಗೊತ್ತುಮಾಡಲಿ. ಮಾಲಿನ್ಯವಿಲ್ಲದ ಗಾಳಿ ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನಲ್ಲಿ ಸೇರಿದೆಯೆಂದು ಸರ್ವೋಚ್ಚ ನ್ಯಾಯಾಲಯ 1991ರಲ್ಲಿಯೇ ಹೇಳಿದೆ. ಹಕ್ಕು ಎಷ್ಟು, ಬಾಕಿ ಎಷ್ಟು ಎಂದು ಸಾಲಗಾರನ ಪತ್ರದಲ್ಲಿ ಇರುವಂತೆ ಎರಡೂ ಕಂಡರೆ ಪ್ರಜೆ ಬಾಕಿಯನ್ನು ಕೇಳಬಲ್ಲನು. ಈಗಿನ ಪಟ್ಟಿಯಲ್ಲಿ ಬಾಕಿಯೇ ಕಾಣುವುದಿಲ್ಲ, ಎಲ್ಲ ತೀರಿದಂತೆ ಇದೆ.

ಎರಡನೆಯ ಅಂಕಣದ ಜೊತೆಗೆ ಖರ್ಚಿನ ಬಾಬ್ತೂ ಇರಬೇಕು. ಭಟ್ಟಿಯ ಒಲೆಯನ್ನು ಕಡಿಮೆ ಹೊಗೆಯ ಒಲೆಯಾಗಿ ಮಾರ್ಪಡಿಸಲು ಏನು ಬೀಳುವುದು, ಅದರಲ್ಲಿ ಸರ್ಕಾರದ್ದೆಷ್ಟು, ಮಾಲೀಕನದೆಷ್ಟು, ಮಂಡಕ್ಕಿ ತಿನ್ನುವ ನಮ್ಮದೆಷ್ಟು ಎಂದು ಗೆರೆ ಇಳಿಸುವ ದಿನವೇ ಬರೆದಿಡಬೇಕು. ಸೇರು ಮಂಡಕ್ಕಿಗೆ ಒಂದೆರಡು ರೂಪಾಯಿ ಏರಿದರೆ ಅದನ್ನು ಇಡೀ ಊರು ಹಂಚಿಕೊಳ್ಳಬಹುದು. ಈಗಿನ ಹೊಗೆಯನ್ನು ನಾಲ್ಕು ಬೀದಿಯವರೇ ಕುಡಿಯುತ್ತಿದ್ದಾರೆ. ಅರ್ಥಶಾಸ್ತ್ರದ ಗೆಳೆಯರಲ್ಲಿ ಯಾರಾದರೂ ರಜೆಯಲ್ಲಿ ದಾವಣಗೆರೆಗೆ ಬಂದರೆ ನಾನು ಭಟ್ಟಿಗಳನ್ನು ತೋರಿಸುತ್ತೇನೆ. ಒಂದು ಒಲೆಯ ಲೆಕ್ಕವನ್ನು ಕುಳಿತು ತೆಗೆದರೆ ಮುಂದಿನ ವರ್ಷದ ಸಂಚಿಕೆಯಲ್ಲಿ ಆ ಲೆಕ್ಕವನ್ನೇ ಅಚ್ಚುಮಾಡಿಸಬಹುದು.